ಕೈಗೆ ಕೊಡದ ಬಳೆ

ನನ್ನ ಹಳೆಯ ದಿನಚರಿಯಲ್ಲಿ ೧೯೬೮ನೆಯ ಇಸವಿ ನವೆಂಬರ್ ೧೬, ಶನಿವಾರದ ಪುಟದ ಮೊದಲ ಸಾಲು ಹೀಗಿದೆ: "ಈ ದಿನ ವೆಂಕೋಬ ಗುರುಗಳನ್ನು ಕೇಳಿದ. ಪದ್ಧತಿಯಂತೆ ನಡೆದವನಿಗೆ ಪಾಪ ಉಂಟೇ?"

ವೆಂಕೋಬ ನನ್ನ ಮೈದುನ. ಗುರುಗಳು ಬಳ್ಳಾರಿಗೆ ಬಂದಾಗ ನಮ್ಮ ಮನೆಯಲ್ಲೇ ಇಳಿಯುತ್ತಿದ್ದರು. ಅವರು ಯಾವ ಮಠಕ್ಕೂ ಸೇರಿದವರಲ್ಲ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅದನ್ನು ಬಿಟ್ಟು ಊರೂರು ತಿರುಗುತ್ತಿದ್ದರು. ಕೇಳಿದರೆ ಹೇಳುವರು, ಕೇಳದಿದ್ದರೆ ಸುಮ್ಮನಿರುವರು. ನಾನು ಮದರಾಸಿನಲ್ಲಿ ಬಿ.ಎ. ಮಾಡಿದವಳು. ಕೇಳಿದ ಮಾತನ್ನು ಅದೇ ದಿನ, ನನ್ನದೇನನ್ನೂ ಸೇರಿಸದೆ ಬರೆದಿಡುವ ಅಭ್ಯಾಸ ಅಲ್ಲಿಂದ ಬಂದದ್ದು. ಇಲ್ಲಿರುವುದು ಅವರು ಹೇಳಿದ್ದೇ.

ಪ್ರಶ್ನೆಗೆ ಕಾರಣವಿತ್ತು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ವೆಂಕೋಬ ಎಲ್ಲರಿಗೂ ಪ್ರಸಾದ ಹಂಚಿದ. ಮನೆಯವರಿಗೆ ಕೈಗೆ ಕೊಟ್ಟ. ಬಾಳೆಎಲೆ ತಂದಿದ್ದ ಗಾದಿಲಿಂಗ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಅವನ ಬೊಗಸೆಗೆ ಒಂದು ಗೇಣು ಮೇಲಿನಿಂದ ಹಾಕಿದ. ಗಾದಿಲಿಂಗ ಅದನ್ನು ಕಣ್ಣಿಗೊತ್ತಿಕೊಂಡು ಹೋದ. ಗುರುಗಳು ನೋಡಿದರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದದ್ದೇ ವೆಂಕೋಬನನ್ನು ಮಧ್ಯಾಹ್ನದವರೆಗೆ ಚುಚ್ಚುತ್ತಿತ್ತು.

ಊಟವಾಗಿ ಎಲ್ಲರೂ ನಡುಮನೆಯಲ್ಲಿ ಕೂತಾಗ ಅವನೇ ಬಾಯಿ ಬಿಟ್ಟ.

"ಗುರುಗಳೇ, ಗಾದಿಲಿಂಗನ್ನ ನಾನು ಒಂದು ದಿನವೂ ಬೈದವನಲ್ಲ. ಅವನ ಮಗಳ ಮದುವೆಗೆ ಸೀರೆ ಕೊಟ್ಟೀನಿ. ಬೇಕಾದರೆ ನಮ್ಮ ಅತ್ತಿಗೆಯನ್ನ ಕೇಳ್ರಿ. ಮೇಲಿಂದ ಹಾಕೋದು ನಮ್ಮಪ್ಪ, ಅವರಪ್ಪ ಮಾಡಿಕೊಂಡು ಬಂದದ್ದು. ಪದ್ಧತಿ ಅಷ್ಟೇ. ಅವಮಾನ ಮಾಡೋ ಮನಸ್ಸು ನನ್ನಲ್ಲಿ ಇಲ್ಲ. ಮನಸ್ಸಿನಲ್ಲಿ ಇಲ್ಲದ್ದು ಪಾಪ ಹೇಗಾಗ್ತದೆ?"

"ಗಾದಿಲಿಂಗ ಏನಂತಾನೆ?" ಎಂದು ಗುರುಗಳು ಕೇಳಿದರು.

"ಅವನೇನಂತಾನ್ರೀ. ಅವನಿಗೂ ರೂಢಿ ಆಗಿದೆ. ಅದರಲ್ಲಿ ಅವಮಾನ ಇದೆ ಅನ್ನೋದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತೇ ಇಲ್ಲದ ಮೇಲೆ ಅದು ಇದೆ ಅಂತ ಹೇಳೋರು ಯಾರು?"

ಗುರುಗಳು ಅದಕ್ಕೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಒಳ್ಳೆಯವನು. ಸುಳ್ಳು ಆಡುತ್ತಿರಲಿಲ್ಲ. ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಆದರೆ ಅವನ ಮನೆಯಲ್ಲಿ ಕೊಡುವುದಕ್ಕೂ ಒಂದು ಕ್ರಮವಿತ್ತು. ಸರಿಸಮಾನರಿಗೆ ಕೈಗೆ ಕೊಡುವುದು. ಹಿತ್ತಲ ಬಾಗಿಲಿಗೆ ಬರುವವರಿಗೆ ಮೇಲಿನಿಂದ ಹಾಕುವುದು. ಇಲ್ಲವೆ ನೆಲದ ಮೇಲಿಟ್ಟು ಹಿಂದೆ ಸರಿಯುವುದು, ಅವರು ಬಂದು ಎತ್ತಿಕೊಳ್ಳುವುದು. ಇದನ್ನು ತಾನು ಯಾವಾಗ ಕಲಿತೆನೆಂದು ಅವನಿಗೆ ನೆನಪಿರಲಿಲ್ಲ. ನಡೆಯುವುದನ್ನು ಯಾವಾಗ ಕಲಿತೆವೆಂದು ಯಾರಿಗೆ ನೆನಪಿರುತ್ತದೆ?

ಅವನದು ಶ್ರೀಗಂಧದ ವ್ಯಾಪಾರ. ಒಮ್ಮೆ ಆ ಕೆಲಸದ ಮೇಲೆ ಸಮುದ್ರದಾಚೆಯ ಒಂದು ಪಟ್ಟಣಕ್ಕೆ ಹೋಗಬೇಕಾಯಿತು. ಸಮುದ್ರ ದಾಟಿದ್ದಕ್ಕೆ ಹಿಂದಿರುಗಿದ ಮೇಲೆ ಪ್ರಾಯಶ್ಚಿತ್ತ ಮಾಡಿಸಿಕೊಳ್ಳುವುದೆಂದು ಹೊರಡುವ ಮೊದಲೇ ಪುರೋಹಿತರೊಂದಿಗೆ ಗೊತ್ತುಮಾಡಿಕೊಂಡು ಹಡಗು ಹತ್ತಿದ.

ಹಡಗಿನಲ್ಲಿ ಒಬ್ಬ ವರ್ತಕ ಅವನಿಗೆ ಹೇಳಿದ: "ಆ ಪಟ್ಟಣದಲ್ಲಿ ವಾರದ ಕೊನೆಯ ಎರಡು ದಿನ ಸಂತೆ ಸೇರುತ್ತೆ. ಒಂದು ಸಾಲು ಹೂವು, ಒಂದು ಸಾಲು ಕೈಕೆಲಸದ ಸಾಮಾನು, ಇನ್ನೊಂದು ಸಾಲು ಜೇಡ್ ಅನ್ನೋ ಹಸಿರು ಕಲ್ಲು. ಅಲ್ಲಿಗೆ ಹೋಗಿ ಅದನ್ನು ನೋಡದೆ ಬಂದವನು ಏನೂ ನೋಡಲಿಲ್ಲ. ಆ ಕಲ್ಲಿನ ಬಳೆ ತೊಟ್ಟ ಹೆಂಗಸಿಗೆ ಕೇಡು ಬಂದರೆ ಅದನ್ನ ಬಳೆ ತಾನು ತಗೊಂಡು ಒಡೆಯುತ್ತಂತೆ. ಹೆಂಗಸು ಉಳೀತಾಳಂತೆ."

ಗೃಹಸ್ಥನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗೆ ಒಂದು ಬಳೆ ಒಯ್ಯಬೇಕೆಂದು ಅವನು ಮನಸ್ಸು ಮಾಡಿದ.

ಪಟ್ಟಣ ಮುಟ್ಟಿದ ಮೇಲೆ ನಮ್ಮ ಕಡಲತೀರದವನೇ ಆದ ಒಬ್ಬ ದುಭಾಷಿ ಸಿಕ್ಕಿದ. ಬಹಳ ವರ್ಷದಿಂದ ಅಲ್ಲೇ ನೆಲೆಸಿದವನು. ಅವನನ್ನು ಕರೆದುಕೊಂಡು ಗೃಹಸ್ಥ ಸಂತೆಗೆ ಹೋದ. ಅದು ಒಂದು ದೊಡ್ಡ ಸೇತುವೆಯ ಕೆಳಗೆ ಸೇರುತ್ತಿತ್ತು. ವಾರದ ಐದು ದಿನ ಅಲ್ಲಿ ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಆರನೆಯ ದಿನ ಬೆಳಿಗ್ಗೆ ಗಾಡಿಗಳನ್ನು ತಳ್ಳಿ, ನೆಲ ಗುಡಿಸಿ, ಬಟ್ಟೆ ಹಾಸುತ್ತಿದ್ದರು. ಏಳನೆಯ ದಿನ ಸಂಜೆ ಸುತ್ತಿಕೊಂಡು ಹೋಗುತ್ತಿದ್ದರು.

ಮೊದಲು ಹೂವಿನ ಸಾಲು. ಒಬ್ಬ ದಪ್ಪನೆಯ ಹೂವಾಡಗಿತ್ತಿ ಗೃಹಸ್ಥನನ್ನು ನೋಡಿ ಏನೋ ಕೂಗಿದಳು. ಸುತ್ತಲಿದ್ದವರು ನಕ್ಕರು.

"ಏನಂತಾಳೆ?"

"ಇಷ್ಟು ದೊಡ್ಡ ಮೀಸೆಗೆ ಒಂದು ಹೂವೂ ಮುಡಿಸದೆ ಹೆಂಡತಿ ಹೇಗೆ ಹೊರಗೆ ಬಿಟ್ಟಳು ಅಂತ ಕೇಳ್ತಿದಾಳೆ ಯಜಮಾನರೇ."

ಹೂವಾಡಗಿತ್ತಿ ಒಂದು ಸೇವಂತಿಗೆಯನ್ನು ಅವನ ಅಂಗೈಯಲ್ಲಿಟ್ಟಳು. ಬೆರಳು ತಾಗಿತು. ಅವನ ಕೈ ಹಿಂದೆ ಸರಿಯಿತು. ಹೂವು ನೆಲಕ್ಕೆ ಬಿತ್ತು. ಅವಳು ನಕ್ಕು ಇನ್ನೊಂದನ್ನು ತೆಗೆದು ಅವನ ಕಿವಿಗೇ ಸಿಕ್ಕಿಸಿಬಿಟ್ಟಳು. ಸಂಜೆ ಸ್ನಾನ ಮಾಡಿದರಾಯಿತು ಎಂದುಕೊಂಡು ಗೃಹಸ್ಥ ಮುಂದೆ ನಡೆದ.

ಆಮೇಲೆ ಕೈಕೆಲಸದ ಸಾಲು. ಒಬ್ಬ ಮುದುಕ ಬಿದಿರು ಸೀಳಿ ಮಿಡತೆ ಹೆಣೆಯುತ್ತಿದ್ದ. ಒಂದನ್ನು ಗೃಹಸ್ಥನ ಅಂಗೈಯಲ್ಲಿಟ್ಟು, ಹಾರಿಹೋದೀತು ಎನ್ನುವಂತೆ ಅವನ ಬೆರಳುಗಳನ್ನು ತಾನೇ ಮಡಚಿದ. ಇದಕ್ಕೂ ಸೇರಿಸಿ ಒಂದೇ ಸ್ನಾನ ಸಾಕು ಎಂದು ಗೃಹಸ್ಥ ಲೆಕ್ಕ ಹಾಕಿದ. ಆದರೆ ಅವನಿಗೆ ಒಳಗೊಳಗೆ ಸಂತೋಷವೂ ಆಯಿತು. ಈ ಜನ ತನ್ನನ್ನು ದೊಡ್ಡವನೆಂದು ತಿಳಿದು ಹತ್ತಿರ ಬರುತ್ತಿದ್ದಾರೆ ಎಂದುಕೊಂಡ.

ಕೊನೆಗೆ ಕಲ್ಲಿನ ಸಾಲು. ಅಲ್ಲಿ ಕೂಗಾಟವಿಲ್ಲ. ಆ ಸಾಲಿಗೆ ಒಂದು ನಿಯಮವಿತ್ತು. ಕಲ್ಲನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಮಾರುವವರು ಬಟ್ಟೆಯ ಮೇಲಿಟ್ಟು ಕೈ ತೆಗೆಯುತ್ತಾರೆ. ಕೊಳ್ಳುವವರು ಬಟ್ಟೆಯ ಮೇಲಿಂದ ಎತ್ತಿಕೊಳ್ಳುತ್ತಾರೆ. ಬೇಡವಾದರೆ ಬಟ್ಟೆಯ ಮೇಲೇ ಇಡುತ್ತಾರೆ. ಕಲ್ಲು ಬಿದ್ದರೆ ಒಡೆಯುತ್ತದೆ. ಇವರ ಕೈಯಲ್ಲಿದ್ದಾಗ ಬಿದ್ದರೆ ನಷ್ಟ ಇವರದು, ಅವರ ಕೈಯಲ್ಲಿದ್ದಾಗ ಬಿದ್ದರೆ ಅವರದು. ಎರಡು ಕೈಗಳ ನಡುವೆ ಬಿದ್ದರೆ ಯಾರದೆಂದು ದೇವರೂ ಹೇಳಲಾರ. ಆದ್ದರಿಂದ ತಾಯಿ ಮಗಳಿಗೆ ಕಲ್ಲು ಕೊಡುವಾಗಲೂ ಬಟ್ಟೆಯ ಮೇಲಿಟ್ಟೇ ಕೊಡುತ್ತಿದ್ದಳು. ರಾಜ ಬಂದರೂ ಹಾಗೆಯೇ.

ಆ ಸಾಲಿನಲ್ಲಿ ಒಬ್ಬ ವಿಧವೆ ಕೂರುತ್ತಿದ್ದಳು. ಅವಳ ಅಜ್ಜಿ, ತಾಯಿ ಕೂತಿದ್ದ ಜಾಗವೇ ಅದು. ಅವಳಿಗೆ ಸ್ವಂತ ಸರಕಿರಲಿಲ್ಲ. ಜನ ತಮ್ಮ ಮನೆಯ ಕಲ್ಲುಗಳನ್ನು ಅವಳಿಗೆ ನಂಬಿ ಕೊಡುತ್ತಿದ್ದರು; ಅವಳು ಮಾರಿಕೊಟ್ಟು ಒಂದು ಪಾಲು ಇಟ್ಟುಕೊಳ್ಳುತ್ತಿದ್ದಳು. ನಂಬುವುದಕ್ಕೆ ಒಂದೇ ಕಾರಣ. ಅಜ್ಜಿಯ ಕಾಲದಿಂದ ಆ ಬಟ್ಟೆಯ ಮೇಲೆ ಒಂದು ಕಲ್ಲೂ ಒಡೆದಿರಲಿಲ್ಲ. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಒಬ್ಬಳು ಚಿಕ್ಕ ಮಗಳು. ಮೂವರ ಅನ್ನವೂ ಆ ಒಂದು ಹೆಸರಿನ ಮೇಲೆ ನಡೆಯುತ್ತಿತ್ತು. ಹೆಸರು ಹೋದರೆ ಅವಳ ಹತ್ತಿರ ಉಳಿಯುವುದು ಒಂದು ತುಂಡು ಕಪ್ಪು ಬಟ್ಟೆ ಮಾತ್ರ.

ಆ ವಾರ ಅವಳ ಬಟ್ಟೆಯ ಮೇಲೆ ಒಂದು ಬಳೆಯಿತ್ತು. ಒಬ್ಬ ಮುದುಕ ತಂದುಕೊಟ್ಟದ್ದು. ಅವನ ಹೆಂಡತಿ ಮದುವೆಯ ದಿನ ತೊಟ್ಟು, ಸತ್ತ ಮೇಲೆ ತೆಗೆದ ಬಳೆ. ಮೈಯ ಶಾಖಕ್ಕೆ ಅದರ ಹಸಿರು ಗಾಢವಾಗಿತ್ತು. ಮುದುಕನಿಗೆ ನದಿಯ ಮೇಲ್ಗಡೆ ಮಗನಿರುವ ಊರಿಗೆ ಹೋಗಿ ಅಲ್ಲಿ ಪ್ರಾಣ ಬಿಡಬೇಕೆಂದು ಆಸೆ. ಬಳೆ ಮಾರಿದರೆ ದೋಣಿ ಹತ್ತಬಹುದು.

ಗೃಹಸ್ಥ ಆ ಬಳೆಯನ್ನು ನೋಡಿದ. ಮಗಳ ಕೈ ನೆನಪಾಯಿತು. ಕೈ ಚಾಚಿ, "ಅದನ್ನು ಕೊಡು, ನೋಡೋಣ" ಎಂದ.

ವಿಧವೆ ಬಳೆಯನ್ನು ಎತ್ತಿದಳು. ಒರೆಸಿದಳು. ಚಾಚಿದ ಕೈಯ ಮುಂದೆ, ಬಟ್ಟೆಯ ಮೇಲೆ ಇಟ್ಟಳು. ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಗೃಹಸ್ಥನ ಕೈ ಹಾಗೇ ನಿಂತಿತು.

ಅವನು ಆ ಭಾಷೆಯ ಒಂದು ಪದವನ್ನೂ ಅರಿಯದವನು. ಆ ಊರಿನ ಒಂದು ಮರದ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಆದರೆ ಇದು ಅವನಿಗೆ ಗೊತ್ತಿತ್ತು. ಕೆಳಗಿಡುವುದು, ಹಿಂದೆ ಸರಿಯುವುದು, ಎತ್ತಿಕೊಳ್ಳಲಿ ಎಂದು ಕಾಯುವುದು. ಅವನ ಮುಖಕ್ಕೆ ರಕ್ತ ಏರಿತು.

"ಕೈಗೆ ಕೊಡು ಅಂತ ಹೇಳು ಅವಳಿಗೆ."

ದುಭಾಷಿ ನಕ್ಕ. "ಇಲ್ಲಿ ಹಾಗೆ ಕೊಡೋದಿಲ್ಲ ಯಜಮಾನರೇ. ನಮ್ಮಲ್ಲಿ ಉಪ್ಪನ್ನ ಕೈಗೆ ಕೊಡ್ತಾರಾ? ಹಾಗೇ ಅಂದ್ಕೊಳ್ಳಿ. ಎತ್ತಿಕೊಂಡು ನೋಡಿ."

"ಉಪ್ಪನ್ನ ಯಾರ ಕೈಗೂ ಕೊಡೋದಿಲ್ಲ. ಇವಳು ಈಗ ತಾನೇ ಪಕ್ಕದವಳಿಗೆ ಚಹಾದ ಬಟ್ಟಲು ಕೈಯಿಂದ ಕೈಗೆ ಕೊಟ್ಟಳು. ನಾನು ನೋಡಿದೆ. ಹೂವಿನವಳು ಕೈಗೆ ಕೊಟ್ಟಳು. ಬಿದಿರಿನವನು ಕೈಗೆ ಕೊಟ್ಟ. ಇವಳಿಗೆ ನನ್ನ ಕೈ ಆಗೋದಿಲ್ಲವೋ?"

"ಚಹಾ ಬೇರೆ, ಕಲ್ಲು ಬೇರೆ. ಇದು ಅವರ ಪದ್ಧತಿ. ಅವಮಾನ ಏನೂ ಇಲ್ಲ."

ಗೃಹಸ್ಥ ದುಭಾಷಿಯ ಕಡೆ ತಿರುಗಿದ. "ಈ ಮಾತನ್ನ ನನಗೆ ಹೇಳ್ತೀಯಾ? ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಇದನ್ನ ನಾನು ದಿನಾ ಹೇಳ್ತೀನಿ."

ವಿಧವೆಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಅವಳು ಬಳೆಯನ್ನು ಇನ್ನಷ್ಟು ಅವನ ಹತ್ತಿರ ಸರಿಸಿ, "ಎತ್ತಿಕೊಳ್ಳಿ ಅಯ್ಯಾ, ಬಟ್ಟೆ ಕಚ್ಚುವುದಿಲ್ಲ" ಎಂದಳು. ಪಕ್ಕದವಳು ನಕ್ಕಳು. ದುಭಾಷಿ ಅದನ್ನು ತರ್ಜುಮೆ ಮಾಡದಿದ್ದರೆ ಚೆನ್ನಾಗಿತ್ತು. ಮಾಡಿದ.

ಗೃಹಸ್ಥ ಬಳೆಯನ್ನು ಮುಟ್ಟದೆ ಎದ್ದ. ಆ ದಿನ ಅವನು ಊಟ ಮಾಡಲಿಲ್ಲ. ತನ್ನ ಬದುಕಿನಲ್ಲಿ ಮೊದಲ ಸಲ ಅವನಿಗೆ, ತಾನು ಚಾಚಿದ ಕೈ ತನ್ನ ಮುಂದೆಯೇ ಬರಿದಾಗಿ ನಿಂತದ್ದು ಕಾಣುತ್ತಿತ್ತು. ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಇಂಥದನ್ನು ಸಹಿಸಿಕೊಂಡು ಮನುಷ್ಯ ಹೇಗೆ ಬದುಕುತ್ತಾನೆ ಎಂದು ಅವನು ಯೋಚಿಸಿದ. ಯಾವ ಮನುಷ್ಯ ಎಂದು ಯೋಚಿಸಲಿಲ್ಲ.

ಅವನ ಗಂಧ ಕೊಳ್ಳುವ ವರ್ತಕ ಆ ಪಟ್ಟಣದಲ್ಲಿ ದೊಡ್ಡವನು. ಗೃಹಸ್ಥ ಅವನ ಹತ್ತಿರ ಹೋಗಿ, "ನಿಮ್ಮ ಸಂತೆಯಲ್ಲಿ ಬಂದ ಅತಿಥಿಯನ್ನು ಮುಟ್ಟಬಾರದವನಂತೆ ನಡೆಸಿಕೊಳ್ಳುತ್ತಾರೆ" ಎಂದು ಹೇಳಿದ. ವರ್ತಕ ಸಂತೆಯ ಹಿರಿಯನಿಗೆ ಹೇಳಿಕಳಿಸಿದ. ಹಡಗಿನವರು ಬೇಸರಪಟ್ಟುಕೊಂಡು ಹೋದರೆ ಸಂತೆಗೆ ಕೆಟ್ಟ ಹೆಸರು ಬರುತ್ತದೆ ಎಂಬ ಒಂದು ಮಾತನ್ನೂ ಸೇರಿಸಿದ.

ಮರುದಿನ, ಸಂತೆಯ ಕೊನೆಯ ದಿನ, ಹಿರಿಯ ತಾನೇ ವಿಧವೆಯ ಬಟ್ಟೆಯ ಮುಂದೆ ಬಂದು ನಿಂತ. ಹಿಂದೆ ಗೃಹಸ್ಥ, ಅವನ ಹಿಂದೆ ದುಭಾಷಿ.

"ಮಗಳೇ, ಒಂದೇ ಒಂದು ಸಲ ಅವರ ಕೈಗೆ ಕೊಟ್ಟುಬಿಡು. ಆಕಾಶ ಬೀಳೋದಿಲ್ಲ."

"ಆಕಾಶ ಬೀಳೋದಿಲ್ಲ ತಾತ. ಬಳೆ ಬೀಳುತ್ತೆ."

"ಬಾಯಿ ಇದೆ ಅಂತ ಮಾತಾಡಬೇಡ. ನಿನ್ನ ಅಮ್ಮನೂ ಹೀಗೇ, ಹುರಿದರೂ ಮೊಳಕೆ ಬರೋ ಜಾತಿ."

"ಅಮ್ಮನ ಕಾಲದಲ್ಲಿ ನಿಯಮ ಕಲಿಸಿದ್ದು ನೀವೇ. ನನ್ನ ಬೆರಳಿಗೆ ಕೋಲಿನಿಂದ ಹೊಡೆದು ಕಲಿಸಿದಿರಿ. ಮರೆತಿರಾ?"

ಸುತ್ತ ನಿಂತವರು ಕಿಸಕ್ಕೆಂದರು. ಹಿರಿಯನಿಗೆ ಸಿಟ್ಟು ಬಂತು. ನಿಯಮ ಅವನಿಗೆ ಮರೆತಿರಲಿಲ್ಲ. ಆದರೆ ದೊಡ್ಡ ವರ್ತಕನ ಮಾತೂ ಮರೆತಿರಲಿಲ್ಲ.

"ಕೊಡದಿದ್ದರೆ ಮುಂದಿನ ವಾರ ಇಲ್ಲಿ ಬಟ್ಟೆ ಹಾಸಬೇಡ" ಎಂದ.

ನಗು ನಿಂತಿತು. ವಿಧವೆ ದುಭಾಷಿಯನ್ನು ಕರೆದಳು. "ಅಣ್ಣಾ, ಇವರಿಗೆ ನೀನೇ ಬಿಡಿಸಿ ಹೇಳು. ನಾನು ಇವರನ್ನ ಕೀಳಾಗಿ ಕಂಡಿಲ್ಲ. ನನ್ನ ಹೆತ್ತ ಮಗಳಿಗೂ ಹೀಗೇ ಇಟ್ಟು ಕೊಡ್ತೀನಿ. ಬಳೆ ನನ್ನದಲ್ಲ. ಇನ್ನೊಬ್ಬರ ಮನೆಯದು. ಬೇಕಾದರೆ ಇವರ ಕಾಲು ಮುಟ್ಟಿ ಹೇಳ್ತೀನಿ."

ದುಭಾಷಿ ಹೇಳಿದ. ಒಂದು ಪದವನ್ನೂ ಬಿಡದೆ ಹೇಳಿದ. ಗೃಹಸ್ಥ ಕೇಳಿಸಿಕೊಂಡ. ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ; ಅದು ಅವನಿಗೂ ಕಂಡಿತು. ಆದರೆ ಅಷ್ಟು ಹೊತ್ತಿಗೆ ಹೂವಿನ ಸಾಲಿನವರು, ಬಿದಿರಿನ ಸಾಲಿನವರು ಎಲ್ಲರೂ ಬಂದು ಸುತ್ತ ನಿಂತಿದ್ದರು. ಅಷ್ಟು ಜನರ ಮುಂದೆ ಚಾಚಿದ ಕೈಯನ್ನು ಬರಿದೇ ಹಿಂದೆಗೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

"ಕಾಲು ಬೇಡ. ಕೈಗೆ ಕೊಡಲಿ" ಎಂದ.

"ಕೈಗೆ ಕೈ ಅಂತೆ! ವ್ಯಾಪಾರವೋ ಮದುವೆಯೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ದಪ್ಪನೆಯ ಹೂವಾಡಗಿತ್ತಿ ಕೂಗಿದವನ ತಲೆಗೆ ಮೊಟಕಿದಳು.

ವಿಧವೆ ಬಳೆಯನ್ನು ಎತ್ತಿಕೊಂಡಳು. ಅವಳ ಕೈ ನಡುಗುತ್ತಿತ್ತು ಎಂದು ಆಮೇಲೆ ಹಲವರು ಹೇಳಿದರು. ನಡುಗುತ್ತಿರಲಿಲ್ಲ. ಕಲ್ಲು ಹಿಡಿದ ಮೇಲೆ ಆ ಮನೆಯ ಹೆಂಗಸರ ಕೈ ನಡುಗುತ್ತಿರಲಿಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಗೃಹಸ್ಥನ ಬಲ ಅಂಗೈಯಲ್ಲಿ ಇಟ್ಟಳು. ಇಡುವಾಗ ಅವಳ ಬೆರಳು ಅವನ ಅಂಗೈಗೆ ತಾಗಿತು.

ಅವನ ಕೈ ಹಿಂದೆ ಸರಿಯಿತು.

ಅವನು ಸರಿಸಲಿಲ್ಲ. ಸರಿಸಬೇಕೆಂದು ಅವನಿಗಿರಲಿಲ್ಲ. ಮುಟ್ಟಿಸಿಕೊಳ್ಳಬೇಕೆಂದೇ ಅಷ್ಟು ದೂರ ಬಂದವನು. ಆದರೆ ಕೈಗೆ ಅದು ಗೊತ್ತಿರಲಿಲ್ಲ. ಅದು ತನಗೆ ಕಲಿಸಿದ್ದನ್ನು ಮಾಡಿತು.

ಬಳೆ ಬಟ್ಟೆಯ ಅಂಚಿನ ಆಚೆ ಕಲ್ಲಿನ ನೆಲಕ್ಕೆ ಬಿದ್ದು ಮೂರು ತುಂಡಾಯಿತು.

ಕೈ ಸರಿದದ್ದನ್ನು ವಿಧವೆ ಕಂಡಿದ್ದಳು. ಬೇರೆ ಯಾರೂ ಕಂಡಿರಲಿಲ್ಲ. ಎಲ್ಲರೂ ಬಳೆಯನ್ನು ನೋಡುತ್ತಿದ್ದರು. ಅವಳು ಗೃಹಸ್ಥನ ಮುಖ ನೋಡಿದಳು. ಗೃಹಸ್ಥ ತನ್ನ ಕೈ ನೋಡಿಕೊಂಡ. ಅವನಿಗೆ ಏನಾಯಿತೆಂದು ತಿಳಿಯಲಿಲ್ಲ. ಅವಳೇ ಸರಿಯಾಗಿ ಇಡಲಿಲ್ಲವೇನೋ ಎಂದು ಅವನು ನಿಜವಾಗಿ ನಂಬಿದ.

ಹಿರಿಯ ತೀರ್ಪು ಹೇಳಬೇಕಾಯಿತು. "ಎರಡು ಕೈಗಳ ನಡುವೆ ಬಿದ್ದದ್ದು ಕೊಟ್ಟವರ ಕೈಯಿಂದಲೇ ಬಿದ್ದದ್ದು" ಎಂದ. ಅಂಥ ನಿಯಮ ಅಲ್ಲಿಯವರೆಗೆ ಇರಲಿಲ್ಲ. ಯಾರೂ ಕೈಯಿಂದ ಕೈಗೆ ಕೊಟ್ಟಿರದ ಕಾರಣ ಅದು ಬೇಕಾಗಿರಲಿಲ್ಲ.

ಗೃಹಸ್ಥನಿಗೆ ಮರುಕವಾಯಿತು. ಮೊದಲೇ ಹೇಳಿದೆ, ಒಳ್ಳೆಯವನು. "ತೀರ್ಪು ಏನೇ ಇರಲಿ, ಬಳೆಯ ಬೆಲೆ ನಾನು ಕೊಡುತ್ತೇನೆ. ಹೆಂಗಸಿಗೆ ನಷ್ಟವಾಗಬಾರದು" ಎಂದ. ಬೆಲೆ ಕೇಳಿದ. ಚೌಕಾಸಿ ಮಾಡಲಿಲ್ಲ. ಅವಳು ಎರಡೂ ಕೈ ಜೋಡಿಸಿ ಮುಂದೆ ಒಡ್ಡಿದಳು. ಅವನು ನಾಣ್ಯಗಳನ್ನು ಒಂದು ಗೇಣು ಮೇಲಿನಿಂದ ಅವಳ ಬೊಗಸೆಗೆ ಬಿಟ್ಟ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ನೀರು ಕೇಳಿದರು. ನಾನು ತಂದುಕೊಟ್ಟೆ.

ವೆಂಕೋಬ ಮುಂದಕ್ಕೆ ಬಾಗಿ ಕೂತಿದ್ದ. "ಪಾಪ, ಆ ಗೃಹಸ್ಥ ತಿಳಿಯದೆ ಕೆಟ್ಟ" ಎಂದ. "ತಪ್ಪು ತಿಳಿದ, ಅಷ್ಟೇ. ಆ ಹೆಂಗಸು ಕೆಳಗಿಟ್ಟದ್ದರಲ್ಲಿ ಅವಮಾನ ಇರಲೇ ಇಲ್ಲ. ಇಲ್ಲದ್ದನ್ನ ಇದೆ ಅಂದುಕೊಂಡ."

"ಹೌದು, ಇರಲಿಲ್ಲ."

"ಮತ್ತೆ? ನಾನು ಹೇಳಿದ್ದೂ ಅದೇ ಅಲ್ಲವೇ ಗುರುಗಳೇ? ಪದ್ಧತಿಯಲ್ಲಿ ಅವಮಾನ ಇರೋದಿಲ್ಲ."

ಗುರುಗಳು ಲೋಟವನ್ನು ಕೆಳಗಿಟ್ಟರು.

"ಹಾಗಾದರೆ ಅದು ಅವಮಾನ ಅನ್ನೋದನ್ನ ಅವನು ಎಲ್ಲಿ ಕಲಿತ ವೆಂಕೋಬಾ?"

ವೆಂಕೋಬ ಕೂತಲ್ಲೇ ತನ್ನ ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡ. ನನ್ನ ಯಜಮಾನರು ಎದ್ದು ಹೊರಗೆ ಹೋದರು.

ಅವನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಬರೆದಿಡುವವಳಿಗೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ನಾನು ಕೇಳಿದೆ: "ಗುರುಗಳೇ, ಆ ಹೆಂಗಸು ಏನಾದಳು?"

"ಅದು ಬೇಕೇ ತಾಯೀ?" ಎಂದರು.

"ಬೇಕು" ಎಂದೆ.

ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ.

ವಿಧವೆ ಹಣವನ್ನೆಲ್ಲ ಮುದುಕನಿಗೆ ಕೊಟ್ಟಳು. ತನ್ನ ಪಾಲನ್ನು ತೆಗೆದುಕೊಳ್ಳಲಿಲ್ಲ. ಮುದುಕ ಅವಳನ್ನು ಬೈಯಲಿಲ್ಲ. ತುಂಡುಗಳನ್ನು ಕೊಡು ಎಂದು ಕೇಳಿ, ಬಟ್ಟೆಯಲ್ಲಿ ಕಟ್ಟಿಕೊಂಡು ದೋಣಿ ಹತ್ತಿದ. ಮಗನ ಊರು ಮುಟ್ಟಿದನೋ ಇಲ್ಲವೋ ತಿಳಿಯದು.

ಮುಂದಿನ ವಾರ ಅವಳು ಬಟ್ಟೆ ಹಾಸಿ ಕೂತಳು. ಕಲ್ಲು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು, ಬಟ್ಟೆಯ ಮೇಲಿಂದ ತಮ್ಮ ತಮ್ಮ ಕಲ್ಲುಗಳನ್ನು ಎತ್ತಿಕೊಂಡು ಹೋದರು. ಅವಳ ತಪ್ಪಲ್ಲ ಎಂದು ಎಲ್ಲರೂ ಹೇಳಿದರು. ಎತ್ತಿಕೊಂಡು ಹೋದರು. ಅವಳು ಆ ಚಳಿಗಾಲವೆಲ್ಲ ಬರಿಯ ಬಟ್ಟೆ ಹಾಸಿ ಕೂತಳು. ಸರಕಿಲ್ಲದವರು ಜಾಗ ಹಿಡಿಯಬಾರದೆಂದು ಹಿರಿಯ ಆ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟ.

ದಪ್ಪನೆಯ ಹೂವಾಡಗಿತ್ತಿ ಅವಳಿಗೆ ಕೆಲಸ ಕೊಡಿಸಿದಳು. ದೋಣಿಯಿಂದ ಹೂವಿನ ಬುಟ್ಟಿಗಳನ್ನು ಬೆನ್ನ ಮೇಲೆ ಹೊತ್ತು ಸಂತೆಗೆ ತರುವ ಕೆಲಸ. ಬುಟ್ಟಿಗಳಿಂದ ನೀರು ಸೋರುತ್ತಿತ್ತು. ಬೆನ್ನು ಒಣಗುತ್ತಿರಲಿಲ್ಲ. ಮರುವರ್ಷ ಕೆಮ್ಮು ಹಿಡಿಯಿತು. ಅದರ ಮರುವರ್ಷ ಸತ್ತಳು. ಕಣ್ಣು ಕಾಣದ ಅತ್ತೆ ಅವಳಿಗಿಂತ ಮೊದಲೇ ಹೋಗಿದ್ದಳು. ಮಗಳನ್ನು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಸೇರಿಸಿದರು. ಕುದಿಯುವ ನೀರಿನಲ್ಲಿ ಬೆರಳಾಡಿಸುವ ಕೆಲಸ. ಆ ಬೆರಳಿನಿಂದ ಇನ್ನು ಕಲ್ಲು ಹಿಡಿಯಲಾಗುವುದಿಲ್ಲ.

ಗೃಹಸ್ಥ ಊರಿಗೆ ಬಂದ. ಪ್ರಾಯಶ್ಚಿತ್ತ ಮಾಡಿಸಿಕೊಂಡ. ಮಗಳಿಗೆ ಬಳೆಯಿಲ್ಲದೆಯೇ ಸುಖವಾಗಿ ಹೆರಿಗೆಯಾಯಿತು. ಗಂಡು ಮಗು.

ಆ ಬಳೆಯ ವಿಚಾರವನ್ನು ಅವನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದು ಏನೂ ಇದೆಯೆಂದು ಅವನಿಗೆ ಅನ್ನಿಸಲಿಲ್ಲ. ಬೆಲೆಯನ್ನು ಅವನು ಅಲ್ಲೇ, ಪೂರ್ತಿಯಾಗಿ ಕೊಟ್ಟಿದ್ದ.